ಕಾಯ್ಕಿಣಿಯ ತೊಟ್ಟಿಲುಗಳು

ಹೊನ್ನಾವರದಲ್ಲಿ ಶರಾವತಿಯ ಉದ್ದನೆಯ ಸೇತುವೆಯನ್ನು ದಾಟಿದ ಹೆದ್ದಾರಿಯು ಕಾಸರಕೋಡು, ಮಂಕಿಗಳನ್ನು ಹಿಂದಿಕ್ಕಿ ದಕ್ಷಿಣಾಭಿಮುಖವಾಗಿ ಸಾಗುತ್ತದೆ. ಎಡಕ್ಕೆ ಸಹ್ಯಾದ್ರಿಯ ನೀಲಿಯ ಗೋಡೆ. ಬಲಕ್ಕೆ ತೆಂಗಿನ ತೋಪುಗಳ ಸಂದಿಯಲ್ಲಿ ಆಗಾಗ ಮಿನುಗಿ ಮರೆಯಾಗುವ ಸಮುದ್ರ. ನಡುವೆ ಚಿರೆಕಲ್ಲಿನ ಕೆಂಪು ಗುಡ್ಡಗಳು, ಗೇರು ಮರಗಳು, ಮಳೆಗಾಲದಲ್ಲಿ ಹಸುರು ಹಾಸಿಗೆಯಂತೆ ಹರಡಿಕೊಳ್ಳುವ ಗದ್ದೆಗಳು. ಭಟ್ಕಳವು ಇನ್ನೂ ಹದಿನೈದು ಕಿಲೊಮೀಟರು ಇದೆ ಎನ್ನುವಷ್ಟರಲ್ಲಿ ಮುರ್ಡೇಶ್ವರದ ಗೋಪುರವು ತೆಂಗಿನ ತಲೆಗಳ ಮೇಲೆ ಕಾಣಿಸಿಕೊಳ್ಳುತ್ತದೆ. ವಾಹನಗಳೆಲ್ಲ ಅಲ್ಲಿಗೆ ತಿರುಗುತ್ತವೆ. ಮೂರು ಕಡೆ ಕಡಲು ಸುತ್ತುವರಿದ ಕಂದುಕ ಗಿರಿ, ಇಪ್ಪತ್ತು ಅಂತಸ್ತಿನ ಗೋಪುರ, 123 ಅಡಿ ಎತ್ತರದ ಶಿವನ ಮೂರ್ತಿ, ದೂರದಲ್ಲಿ ನೇತ್ರಾಣಿ ದ್ವೀಪದ ಮಸುಕು ರೇಖೆ: ಇವನ್ನು ಕಣ್ತುಂಬ ನೋಡಿ ಹಿಂದಿರುಗುವ ಯಾತ್ರಿಕನಿಗೆ, ಪಕ್ಕದಲ್ಲೇ ಕಾಯ್ಕಿಣಿ ಎಂಬ ಊರೊಂದಿದೆಯೆಂಬುದು ತಿಳಿಯುವುದು ಅಪರೂಪ.

ಆದರೆ ಹೆಸರು ಮಾತ್ರ ಕನ್ನಡಿಗರಿಗೆ ಅಪರಿಚಿತವಲ್ಲ. ಸಾರಸ್ವತ ಮನೆತನಗಳು ತಾವು ಬಾಳಿದ ಊರಿನ ಹೆಸರನ್ನೇ ಅಡ್ಡಹೆಸರಾಗಿ ಹೊತ್ತು ಮುಂಬಯಿ, ಧಾರವಾಡ, ಬೆಂಗಳೂರುಗಳವರೆಗೆ ಹಬ್ಬಿದವು. ಗೋಕರ್ಣದ ಗೌರೀಶ ಕಾಯ್ಕಿಣಿಯವರಿಂದಲೂ ಅವರ ಮಗ ಜಯಂತ ಕಾಯ್ಕಿಣಿಯವರಿಂದಲೂ ಈ ಪುಟ್ಟ ಊರಿನ ಹೆಸರು ಕನ್ನಡದ ಪುಸ್ತಕಗಳ ಬೆನ್ನಿನ ಮೇಲೆ ಅಚ್ಚಾಗಿ ನಿಂತಿದೆ. ಹೀಗೆ ಊರು ಬಿಟ್ಟವರು ಊರಿನ ಹೆಸರನ್ನು ಉಳಿಸಿದರು. ಊರಿನಲ್ಲೇ ಹುಟ್ಟಿ, ಹೆಸರಿಡುವ ಮೊದಲೇ ಊರಿನ ಮಣ್ಣಿಗೆ ಸೇರಿದವರ ಕಥೆಯೇ ಬೇರೆ. ಅವರು ಎಷ್ಟು ಜನ ಎಂಬ ಲೆಕ್ಕವನ್ನು ಯಾವ ಶಾಸನವೂ ಹೇಳುವುದಿಲ್ಲ. ಅವರು ಮಕ್ಕಳು.

ಈ ಕರಾವಳಿಯ ಚೆಲುವನ್ನು ಬಣ್ಣಿಸಿದವರು ಬಹಳ ಮಂದಿ. 1801ರಲ್ಲಿ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು ಕುಂಪಣಿ ಸರಕಾರದ ಆಜ್ಞೆಯಂತೆ ಈ ಸೀಮೆಯಲ್ಲಿ ಸಂಚರಿಸಿ, ಭತ್ತ, ಮೆಣಸು, ತೆಂಗು, ಉಪ್ಪು, ಕಂದಾಯಗಳ ವಿವರವನ್ನೆಲ್ಲ ಬರೆದಿಟ್ಟನು. ಆದರೆ ಒಂದು ಮನೆಯಲ್ಲಿ ಎಷ್ಟು ತೊಟ್ಟಿಲು ಕಟ್ಟಲಾಯಿತು, ಅವುಗಳಲ್ಲಿ ಎಷ್ಟು ಬರಿದಾದವು ಎಂಬುದನ್ನು ಬರೆಯುವ ಪದ್ಧತಿ ಆಗ ಆಳುವವರಿಗೂ ಇರಲಿಲ್ಲ, ಆಳಿಸಿಕೊಳ್ಳುವವರಿಗೂ ಇರಲಿಲ್ಲ. ಅಂಥ ಪದ್ಧತಿಯಿದ್ದ ಸ್ಥಳ ಈ ತೀರದಲ್ಲಿ ಒಂದೇ ಒಂದು. ಅದು ಇಗರ್ಜಿ.

ಇಗರ್ಜಿಯ ದಪ್ಪ ಪುಸ್ತಕ

ಹೊನ್ನಾವರ, ಕುಮಟಾ, ಭಟ್ಕಳ ಸೀಮೆಯ ಕ್ರೈಸ್ತ ಕುಟುಂಬಗಳು ಬಹುಮಟ್ಟಿಗೆ ಗೋವೆಯ ಕಡೆಯಿಂದ ಬಂದು ನೆಲೆಸಿದ ಕೊಂಕಣಿ ಮನೆಮಾತಿನವರು. ಹದಿನಾರನೆಯ ಶತಮಾನದ ಉತ್ತರಾರ್ಧದಲ್ಲಿ ಪೋರ್ಚುಗೀಸರು ಹೊನ್ನಾವರದ ಕೋಟೆಯನ್ನು ಹಿಡಿದರು. ಮುಂದಿನ ಶತಮಾನದಲ್ಲಿ ಕೆಳದಿಯ ಅರಸರೊಡನೆ ಆದ ಒಪ್ಪಂದದಂತೆ ಮಿರ್ಜಾನ್, ಚಂದಾವರ, ಭಟ್ಕಳ, ಕಲ್ಯಾಣಪುರಗಳಲ್ಲಿ ಇಗರ್ಜಿ ಕಟ್ಟಲು ಅನುಮತಿ ದೊರೆಯಿತು. ಚಂದಾವರದ ಸಂತ ಫ್ರಾನ್ಸಿಸ್ ಕ್ಸೇವಿಯರನ ಇಗರ್ಜಿಗೆ ಇಂದಿಗೂ ಎಲ್ಲ ಮತದವರೂ ಹರಕೆ ಹೊತ್ತು ಹೋಗುವುದುಂಟು. ಮಗುವಿಗೆ ಜ್ವರ ಬಿಟ್ಟರೆ ಮೇಣದ ಬತ್ತಿ ಹಚ್ಚುವೆನೆಂಬ ಹರಕೆಗೆ ಜಾತಿಯಿಲ್ಲ.

ಇಗರ್ಜಿಯೊಡನೆ ಬಂದ ವಸ್ತುಗಳಲ್ಲಿ ಒಂದು, ಜನರ ಗಮನಕ್ಕೆ ಅಷ್ಟಾಗಿ ಬಾರದ ದಪ್ಪ ಪುಸ್ತಕ. 1563ರಲ್ಲಿ ಮುಗಿದ ಟ್ರೆಂಟ್ ಮಹಾಸಭೆಯು, ಪ್ರತಿ ಪಾದ್ರಿಯೂ ತನ್ನ ಇಗರ್ಜಿಯ ವ್ಯಾಪ್ತಿಯಲ್ಲಿ ನಡೆದ ಬಾಪ್ತಿಸ್ಮಗಳನ್ನೂ ಮದುವೆಗಳನ್ನೂ ಪುಸ್ತಕದಲ್ಲಿ ಬರೆದಿಡಬೇಕೆಂದು ವಿಧಿಸಿತು. 1614ರ ವಿಧಿಗ್ರಂಥವು ಮರಣಗಳನ್ನೂ ಬರೆಯಬೇಕೆಂದಿತು. ಅಂದಿನಿಂದ ರೋಮಿನ ಅಧೀನದ ಪ್ರತಿಯೊಂದು ಇಗರ್ಜಿಯ ಕಪಾಟಿನಲ್ಲಿಯೂ ಮೂರು ಬಗೆಯ ಪುಸ್ತಕಗಳು ಇರತಕ್ಕದ್ದಾಯಿತು. ಮಗುವಿನ ಹೆಸರು, ತಂದೆ, ತಾಯಿ, ಜ್ಞಾನಸ್ನಾನಕ್ಕೆ ನಿಂತ ಧರ್ಮಪಿತೃ, ಧರ್ಮಮಾತೃ, ತಾರೀಖು, ಕೊನೆಗೆ ಪಾದ್ರಿಯ ರುಜು: ಒಂದು ಜೀವಕ್ಕೆ ನಾಲ್ಕೈದು ಸಾಲು.

ಈ ಸಾಲುಗಳಿಗೆ ಎಂಥ ಬೆಲೆಯಿದೆಯೆಂಬುದನ್ನು ಜಗತ್ತು ಅರಿತದ್ದು ತಡವಾಗಿ. 1662ರಲ್ಲಿ ಲಂಡನ್ನಿನ ಜಾನ್ ಗ್ರಾಂಟ್ ಎಂಬ ಬಟ್ಟೆ ವ್ಯಾಪಾರಿಯು ಆ ನಗರದ ಚರ್ಚುಗಳ ಮರಣಪಟ್ಟಿಗಳನ್ನು ಒಟ್ಟುಗೂಡಿಸಿ ಕುಳಿತು ಲೆಕ್ಕ ಹಾಕಿದನು. ಹುಟ್ಟಿದ ನೂರು ಮಕ್ಕಳಲ್ಲಿ 36 ಮಕ್ಕಳು ಆರು ವರ್ಷ ತುಂಬುವ ಮೊದಲೇ ತೀರಿಹೋಗುತ್ತವೆಂದು ಅವನ ಲೆಕ್ಕ ಹೇಳಿತು. ಮಕ್ಕಳು ಸಾಯುತ್ತಾರೆಂಬುದು ಪ್ರತಿ ತಾಯಿಗೂ ತಿಳಿದಿದ್ದ ವಿಷಯ. ಎಷ್ಟು ಸಾಯುತ್ತಾರೆಂಬುದು ಅಂದು ಮೊದಲ ಬಾರಿಗೆ ಒಂದು ಅಂಕಿಯಾಗಿ ಬೆಳಕಿಗೆ ಬಂದಿತು. ಅದಾದ ಮೂರು ಶತಮಾನಗಳ ತರುವಾಯ, 1958ರಲ್ಲಿ, ಲೂಯಿ ಹಾನ್ರಿ ಎಂಬ ಫ್ರೆಂಚ್ ವಿದ್ವಾಂಸನು ಸಹೋದ್ಯೋಗಿಯೊಡನೆ ಕೂಡಿ ನಾರ್ಮಂಡಿಯ ಕ್ರುಲೆ ಎಂಬ ಒಂದು ಹಳ್ಳಿಯ ಇಗರ್ಜಿಯ ಪುಸ್ತಕಗಳಿಂದ ಕುಟುಂಬ ಕುಟುಂಬವನ್ನೇ ಮರಳಿ ಕಟ್ಟಿ ತೋರಿಸಿದನು. ಮದುವೆಯ ಸಾಲನ್ನು ಬಾಪ್ತಿಸ್ಮದ ಸಾಲಿಗೂ, ಬಾಪ್ತಿಸ್ಮದ ಸಾಲನ್ನು ಮರಣದ ಸಾಲಿಗೂ ಜೋಡಿಸುವ ಈ ವಿಧಾನದಿಂದ, ಹೆಸರೇ ಇಲ್ಲದ ಬಡ ರೈತರ ಮನೆಯಲ್ಲಿ ಯಾವ ಮಗು ಎಷ್ಟು ದಿನ ಬದುಕಿತ್ತೆಂಬುದು ತಿಳಿಯತೊಡಗಿತು. ಹದಿನೆಂಟನೆಯ ಶತಮಾನದ ಫ್ರಾನ್ಸಿನ ಹಳ್ಳಿಗಳಲ್ಲಿ, ಹುಟ್ಟಿದ ನಾಲ್ಕು ಮಕ್ಕಳಲ್ಲಿ ಒಂದು ಮೊದಲ ಹುಟ್ಟುಹಬ್ಬವನ್ನು ಕಾಣುತ್ತಿರಲಿಲ್ಲ. ಆ ಪುಸ್ತಕಗಳಲ್ಲಿ ಒಂದೇ ದಂಪತಿಗಳಿಗೆ ಒಂದೇ ಹೆಸರಿನ ಎರಡು ಮೂರು ಮಕ್ಕಳು ಕಾಣಸಿಗುವುದುಂಟು. ಮೊದಲನೆಯದು ಹೋದಾಗ ಅದರ ಹೆಸರನ್ನು ಎರಡನೆಯದಕ್ಕೆ ಇಟ್ಟಿದ್ದರು.

ಕನ್ನಡ ಕರಾವಳಿಯ ಇಗರ್ಜಿಗಳ ಬಾಳು ಅಷ್ಟು ಅಖಂಡವಾಗಿ ಸಾಗಲಿಲ್ಲ. 1784ರಲ್ಲಿ ಟಿಪ್ಪು ಸುಲ್ತಾನನ ಆಜ್ಞೆಯಂತೆ ಕೆನರಾದ ಕ್ರೈಸ್ತರನ್ನು ಸೆರೆಹಿಡಿದು ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಲಾಯಿತು. ಅನೇಕ ಇಗರ್ಜಿಗಳನ್ನು ಕೆಡವಲಾಯಿತು. ಹೋದವರ ಸಂಖ್ಯೆಯ ವಿಷಯದಲ್ಲಿ ಚರಿತ್ರಕಾರರಿಗೆ ಏಕಾಭಿಪ್ರಾಯವಿಲ್ಲ. ಆದರೆ ಅಂಥ ದಾರಿಯಲ್ಲಿ ಮೊದಲು ಸೋಲುವ ಜೀವ ಎಳೆಯ ಮಕ್ಕಳದು ಎಂಬುದಕ್ಕೆ ಚರಿತ್ರಕಾರನ ಸಾಕ್ಷ್ಯ ಬೇಕಾಗದು. 1799ರ ನಂತರ ಉಳಿದವರು ಮರಳಿ ಬಂದು ಮತ್ತೆ ಮನೆ ಕಟ್ಟಿದರು, ಮತ್ತೆ ಇಗರ್ಜಿ ಕಟ್ಟಿದರು, ಮತ್ತೆ ಪುಸ್ತಕ ತೆರೆದರು. ಗೋವೆಯ ಧರ್ಮಪೀಠಕ್ಕೆ ಸೇರಿದ್ದ ಈ ಸೀಮೆಯು 1953ರಲ್ಲಿ ಬೆಳಗಾವಿಯ ಧರ್ಮಪ್ರಾಂತಕ್ಕೂ, 1976ರಲ್ಲಿ ಹೊಸದಾಗಿ ರಚಿತವಾದ ಕಾರವಾರದ ಧರ್ಮಪ್ರಾಂತಕ್ಕೂ ಸೇರಿತು.

ಬಿಳಿಯ ಉಡುಗೆಯ ಸಂಸ್ಕಾರ

ಹಳೆಯ ಕಾಲದ ಕ್ರೈಸ್ತ ಮನೆಗಳಲ್ಲಿ ಹುಟ್ಟಿದ ಮಗುವನ್ನು ಬಾಪ್ತಿಸ್ಮಕ್ಕೆ ಒಯ್ಯುವ ಅವಸರ ಅಷ್ಟಿಷ್ಟಲ್ಲ. ಮಳೆ ಸುರಿಯುತ್ತಿರಲಿ, ತೊರೆ ತುಂಬಿರಲಿ, ಕೆಲವೇ ದಿನಗಳಲ್ಲಿ ಧರ್ಮಮಾತೃವಿನ ತೋಳಿನಲ್ಲಿ ಮಗು ಇಗರ್ಜಿಯ ದಾರಿ ಹಿಡಿಯುತ್ತಿತ್ತು. ತಾಯಿಯು ಇನ್ನೂ ಬಾಣಂತಿಕೋಣೆಯಲ್ಲೇ ಇರುತ್ತಿದ್ದಳು. ಈ ಅವಸರಕ್ಕೆ ಕಾರಣ ಭಕ್ತಿಯಷ್ಟೇ ಅಲ್ಲ, ಭಯ. ಜ್ಞಾನಸ್ನಾನವಾಗದೆ ಸತ್ತ ಕೂಸಿಗೆ ಸ್ವರ್ಗದ ಬಾಗಿಲು ತೆರೆಯದೆಂಬ ನಂಬಿಕೆ ಬಲವಾಗಿದ್ದ ಕಾಲವದು. ಹೆರಿಗೆಯ ವೇಳೆಯಲ್ಲೇ ಕೂಸು ಉಳಿಯಲಾರದೆಂದು ಕಂಡರೆ, ಪಾದ್ರಿ ಬರುವವರೆಗೆ ಕಾಯದೆ, ಹತ್ತಿರವಿದ್ದವರು ಯಾರೇ ಆಗಲಿ ತಲೆಯ ಮೇಲೆ ನೀರು ಹೊಯ್ದು ಬಾಪ್ತಿಸ್ಮ ಕೊಡಬಹುದೆಂಬ ನಿಯಮವಿತ್ತು. ಸೂಲಗಿತ್ತಿಯ ಬಳಿ ಬಿಸಿನೀರಿನ ಹಂಡೆಯ ಜೊತೆಗೆ ಈ ಅಧಿಕಾರವೂ ಇರುತ್ತಿತ್ತು.

ಬಾಪ್ತಿಸ್ಮವಾದ ಬಳಿಕ ಸತ್ತ ಎಳೆಯ ಮಗುವಿಗೆ ದೊಡ್ಡವರ ಮರಣಸಂಸ್ಕಾರವಿರಲಿಲ್ಲ. ಪಾದ್ರಿಯು ಕಪ್ಪು ಉಡುಗೆಯ ಬದಲು ಬಿಳಿಯ ಉಡುಗೆ ತೊಡುತ್ತಿದ್ದನು. ಗಂಟೆ ಬಾರಿಸುವುದಾದರೆ ಶೋಕದ ಗಂಟೆಯನ್ನು ಬಾರಿಸಕೂಡದು, ಹಬ್ಬದ ಗಂಟೆಯನ್ನೇ ಬಾರಿಸಬೇಕೆಂದು ವಿಧಿಗ್ರಂಥ ಹೇಳುತ್ತಿತ್ತು. ಪಾಪವರಿಯದ ಕೂಸು ನೇರವಾಗಿ ದೇವದೂತರ ಸಾಲಿಗೆ ಸೇರಿತೆಂಬುದು ಅದರ ತಾತ್ಪರ್ಯ. ಕೊಂಕಣಿಯಲ್ಲಿ ದೇವದೂತನಿಗೆ ‘ಆಂಜ್’ ಎನ್ನುತ್ತಾರೆ. ಪೋರ್ಚುಗೀಸರ ಮಾತು ನಡೆದ ನಾಡುಗಳಲ್ಲೆಲ್ಲ ಸತ್ತ ಕೂಸಿಗೂ ಅದೇ ಹೆಸರು. ಶೋಕವನ್ನು ಸಹಿಸಲಿಕ್ಕಾಗಿ ಮಾನವನು ಕಟ್ಟಿಕೊಂಡ ಸೇತುವೆಗಳಲ್ಲಿ ಇದೂ ಒಂದು. ಆದರೆ ಹಬ್ಬದ ಗಂಟೆಯನ್ನು ಕೇಳುತ್ತ ಮನೆಯಲ್ಲಿ ಕುಳಿತ ತಾಯಿಯ ಎದೆಯಲ್ಲಿ ಹಾಲು ನಿಂತಿರುತ್ತಿತ್ತೇ? ಬಾಪ್ತಿಸ್ಮವಾಗದೆ ಹೋದ ಕೂಸಿನ ತಾಯಿಗಂತೂ ಆ ಗಂಟೆಯ ಸಮಾಧಾನವೂ ಇರಲಿಲ್ಲ. ಅಂಥ ಮಕ್ಕಳ ರಕ್ಷಣೆಯ ಬಗ್ಗೆ ಭರವಸೆ ಇಡಲು ಬಲವಾದ ಆಧಾರಗಳಿವೆಯೆಂದು ರೋಮಿನ ದೇವಶಾಸ್ತ್ರಜ್ಞರ ಮಂಡಲಿಯು ಪ್ರಕಟಿಸಿದ್ದು 2007ರಲ್ಲಿ. ಅಷ್ಟರಲ್ಲಿ ಆ ತಾಯಂದಿರ ಎಷ್ಟೋ ತಲೆಮಾರುಗಳು ಸಂದುಹೋಗಿದ್ದವು.

ಆರನೆಯ ರಾತ್ರಿ

ಮತಗಳ ಗೋಡೆಗಳನ್ನು ದಾಟಿ ಈ ತೀರದ ಮನೆಮನೆಯಲ್ಲೂ ಕಂಡುಬರುತ್ತಿದ್ದ ಒಂದು ಆಚಾರವುಂಟು. ಮಗು ಹುಟ್ಟಿದ ಆರನೆಯ ರಾತ್ರಿ ಯಾರೂ ನಿದ್ರಿಸುವಂತಿಲ್ಲ. ಅಂದು ಷಷ್ಠೀದೇವಿ ಬಂದು ಕೂಸಿನ ಹಣೆಯಲ್ಲಿ ಆಯುಷ್ಯವನ್ನು ಬರೆಯುತ್ತಾಳೆ. ಆದುದರಿಂದ ದೀಪ ಆರಕೂಡದು, ಬಾಗಿಲು ತೆರೆಯಕೂಡದು, ಹೆಂಗಸರು ಹಾಡುತ್ತ ಮಾತಾಡುತ್ತ ತೊಟ್ಟಿಲನ್ನು ಕಾಯಬೇಕು. ಗೋವೆಯಲ್ಲಿ ಮತಾಂತರ ಹೊಂದಿದವರೂ ಈ ಜಾಗರಣೆಯನ್ನು ಬಿಡಲಿಲ್ಲ. 1736ರಲ್ಲಿ ಗೋವೆಯ ಇನ್‌ಕ್ವಿಸಿಷನ್ ನ್ಯಾಯಪೀಠವು ಕ್ರೈಸ್ತರಿಗೆ ನಿಷಿದ್ಧವೆಂದು ಸಾರಿದ ಆಚಾರಗಳ ದೀರ್ಘ ಪಟ್ಟಿಯಲ್ಲಿ ಆರನೆಯ ರಾತ್ರಿಯ ಆಚಾರವೂ ಸೇರಿತ್ತು. ಅಧಿಕಾರಿಗಳಿಗೆ ಅದರಲ್ಲಿ ಹಳೆಯ ಮತದ ವಾಸನೆ ಕಂಡಿತು. ತಾಯಂದಿರಿಗೆ ಕಂಡದ್ದು ಬೇರೆ.

ಆರನೆಯ ರಾತ್ರಿಯೇ ಏಕೆ? ಇಂದಿನ ವೈದ್ಯಶಾಸ್ತ್ರವು ಈ ಪ್ರಶ್ನೆಗೆ ಒಂದು ಉತ್ತರವನ್ನು ಸೂಚಿಸುತ್ತದೆ. ಚೆನ್ನಾಗಿ ಹುಟ್ಟಿ, ಚೆನ್ನಾಗಿ ಅತ್ತು, ಎರಡು ದಿನ ಹಾಲು ಕುಡಿದ ಕೂಸು ಇದ್ದಕ್ಕಿದ್ದಂತೆ ಮೊಲೆ ಹಿಡಿಯದಾಗುತ್ತದೆ. ದವಡೆ ಕಚ್ಚಿಕೊಳ್ಳುತ್ತದೆ. ಮುಟ್ಟಿದರೆ ಸಾಕು, ಮೈಯೆಲ್ಲ ಬಿಲ್ಲಿನಂತೆ ಬಾಗುತ್ತದೆ. ಇದು ನವಜಾತ ಶಿಶುಗಳ ಧನುರ್ವಾಯು. ಹುಟ್ಟಿದ ಮೂರನೆಯ ದಿನದಿಂದ ಹದಿನಾಲ್ಕನೆಯ ದಿನದೊಳಗೆ, ಹೆಚ್ಚಾಗಿ ಮೊದಲ ವಾರದ ಕೊನೆಗೆ, ಅದು ತಲೆದೋರುತ್ತದೆ. ಮಣ್ಣಿನಲ್ಲಿಯೂ ದನದ ಸಗಣಿಯಲ್ಲಿಯೂ ಇರುವ ಒಂದು ಸೂಕ್ಷ್ಮಜೀವಿ ಅದರ ಮೂಲ. 1889ರಲ್ಲಿ ಜಪಾನಿನ ಕಿಟಾಸಾಟೊ ಅದನ್ನು ಪ್ರತ್ಯೇಕಿಸಿ ಬೆಳೆಸಿದನು. ಹೊಕ್ಕುಳಬಳ್ಳಿಯನ್ನು ಕುಡುಗೋಲಿನಿಂದಲೋ ಬಿದಿರಿನ ಸಿಬಿರಿನಿಂದಲೋ ಕತ್ತರಿಸಿ, ಗಾಯಕ್ಕೆ ಬೂದಿಯನ್ನೋ ಸಗಣಿಯನ್ನೋ ಹಚ್ಚುತ್ತಿದ್ದ ಮನೆಗಳಲ್ಲಿ ಆ ಜೀವಿಗೆ ಬೇರೆ ದಾರಿ ಹುಡುಕುವ ಅಗತ್ಯವಿರಲಿಲ್ಲ. ಆರನೆಯ ರಾತ್ರಿ ಗಂಡಾಂತರದ ರಾತ್ರಿಯೆಂಬುದನ್ನು ಅಜ್ಜಿಯರು ಅನುಭವದಿಂದ ಅರಿತಿದ್ದರು. ಗಂಡಾಂತರವು ಬಾಗಿಲಿನಿಂದ ಬಾರದೆ ಹೊಕ್ಕುಳಿನಿಂದ ಬರುತ್ತದೆಂಬುದು ಅವರಿಗೆ ತಿಳಿದಿರಲಿಲ್ಲ, ಅಷ್ಟೆ.

ಇದಕ್ಕಾಗಿ ಸೂಲಗಿತ್ತಿಯನ್ನು ದೂರುವುದು ನ್ಯಾಯವಲ್ಲ. ರಾತ್ರಿಯೆನ್ನದೆ ಮಳೆಯೆನ್ನದೆ ಕರೆದ ಮನೆಗೆ ಓಡಿಬರುತ್ತಿದ್ದವಳು ಅವಳೊಬ್ಬಳೇ. ಪಾವಗಡದ ಕಡೆಯ ಸೂಲಗಿತ್ತಿ ನರಸಮ್ಮನವರು ಸಾವಿರಾರು ಹೆರಿಗೆಗಳನ್ನು ಕೈಯಾರೆ ಮಾಡಿಸಿ 2018ರಲ್ಲಿ ಪದ್ಮಶ್ರೀ ಪ್ರಶಸ್ತಿ ಪಡೆದರು. ಅದೇ ವರ್ಷದ ಡಿಸೆಂಬರಿನಲ್ಲಿ ತೀರಿಕೊಂಡರು. ಅಂಥ ಕೈಗಳಿಗೆ ಕುದಿಸಿದ ಬ್ಲೇಡು, ಶುದ್ಧವಾದ ದಾರ, ಸಾಬೂನು ಇವಿಷ್ಟನ್ನು ಕೊಡಲು ಸಮಾಜವು ತಡಮಾಡಿತೆಂಬುದೇ ನಿಜವಾದ ದೂರು.

ಮಾರಿ, ಮೈಲಿ, ಚಳಿಜ್ವರ

ಮೊದಲ ತಿಂಗಳನ್ನು ದಾಟಿದ ಕೂಸನ್ನು ಬೇರೆ ಶತ್ರುಗಳು ಕಾದಿರುತ್ತಿದ್ದವು. ಆಷಾಢದ ಮಳೆಯಲ್ಲಿ ಭಟ್ಕಳದ ಮಾರಿಹಬ್ಬವನ್ನು ನೋಡಿದವರು, ಮರದಲ್ಲಿ ಕೆತ್ತಿದ ದೇವಿಯನ್ನು ಮೆರವಣಿಗೆಯಲ್ಲಿ ಒಯ್ದು ಕಡಲಿಗೆ ಬಿಡುವ ದೃಶ್ಯವನ್ನು ಮರೆಯಲಾರರು. ಊರಿನ ರೋಗರುಜಿನಗಳನ್ನೆಲ್ಲ ತೆಗೆದುಕೊಂಡು ಹೋಗು ತಾಯಿ ಎಂಬ ಪ್ರಾರ್ಥನೆಯ ಹಿಂದೆ ಸಿಡುಬಿನ ಹಳೆಯ ಭೀತಿ ಅಡಗಿದೆ. ಮಗುವಿನ ಮೈಮೇಲೆ ಗುಳ್ಳೆ ಎದ್ದರೆ ರೋಗವೆನ್ನದೆ ‘ಅಮ್ಮ ಬಂದಿದ್ದಾಳೆ’ ಎನ್ನುತ್ತಿದ್ದರು. ಬೇವಿನ ಸೊಪ್ಪಿನಿಂದ ಗಾಳಿ ಬೀಸುತ್ತಿದ್ದರು. ಪಶ್ಚಿಮ ತೀರದ ಕ್ರೈಸ್ತರು ಅದೇ ಭೀತಿಯಿಂದ ಸಂತ ಸೆಬಾಸ್ತಿಯನನ ಮೊರೆಹೊಕ್ಕರು.

ಸಿಡುಬಿಗೆ ಮದ್ದಿಲ್ಲದಿದ್ದರೂ ತಡೆಯಿತ್ತು. ಜೆನ್ನರನು 1796ರಲ್ಲಿ ಕಂಡುಹಿಡಿದ ಆ ತಡೆಯು 1802ರ ಜೂನ್ 14ರಂದು ಮುಂಬಯಿಯಲ್ಲಿ ಆನಾ ಡಸ್ಟ್‌ಹಾಲ್ ಎಂಬ ಮೂರು ವರ್ಷದ ಹುಡುಗಿಯ ತೋಳಿನ ಮೂಲಕ ಭಾರತವನ್ನು ಪ್ರವೇಶಿಸಿತು. ಆಗಿನ್ನೂ ಶೀತಪೆಟ್ಟಿಗೆಗಳಿಲ್ಲದ ಕಾಲ. ಒಂದು ಮಗುವಿನ ತೋಳಿನಿಂದ ಇನ್ನೊಂದು ಮಗುವಿನ ತೋಳಿಗೆ ಲಸಿಕೆಯು ಊರಿಂದೂರಿಗೆ ನಡೆದುಹೋಯಿತು. ಮಕ್ಕಳನ್ನು ಉಳಿಸುವ ಮದ್ದನ್ನು ಮಕ್ಕಳೇ ಹೊತ್ತು ತಂದರು. ಕಾಯ್ಕಿಣಿಯ ಕಡೆಯ ಹಿರಿಯರ ತೋಳಿನ ಮೇಲೆ ಇಂದಿಗೂ ಕಾಣುವ ಬಿಲ್ಲೆಯಷ್ಟಗಲದ ಕಲೆ ಆ ಕಥೆಯ ಕೊನೆಯ ಅಧ್ಯಾಯ. ಭಾರತದಲ್ಲಿ ಸಿಡುಬು 1975ರಲ್ಲಿ ಕೊನೆಗೊಂಡಿತು. 1980ರಲ್ಲಿ ಜಗತ್ತೇ ಸಿಡುಬಿನಿಂದ ಮುಕ್ತವಾಯಿತೆಂದು ಸಾರಲಾಯಿತು.

ಚಳಿಜ್ವರದ ಕಥೆ ಇನ್ನೂ ಸ್ಥಳೀಯವಾದದ್ದು. ಉತ್ತರ ಕನ್ನಡ ಜಿಲ್ಲೆಯು 1862ರಲ್ಲಿ ಮದರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿದಾಗಲೇ ಮಲೇರಿಯಕ್ಕೆ ಹೆಸರಾದ ಸೀಮೆ. ಕಡಲ ತಡಿಗಿಂತ ಘಟ್ಟದ ಬುಡದಲ್ಲಿಯೂ ಘಟ್ಟದ ಮೇಲಿನ ಯಲ್ಲಾಪುರ, ಹಳಿಯಾಳ, ಸೂಪಾಗಳಲ್ಲಿಯೂ ಅದರ ಹಾವಳಿ ಹೆಚ್ಚು. ಬೆಟ್ಟದ ಝರಿಗಳಲ್ಲಿ ಹುಟ್ಟುವ ಒಂದು ಜಾತಿಯ ಸೊಳ್ಳೆಯೇ ಅದರ ವಾಹಕ. 1901ರ ಜನಗಣತಿಯಲ್ಲಿ ಜಿಲ್ಲೆಯ ಜನಸಂಖ್ಯೆ 4,54,490. ಮುಂದಿನ ಎರಡು ಗಣತಿಗಳಲ್ಲಿ ಆ ಸಂಖ್ಯೆ ಏರುವ ಬದಲು ಇಳಿಯುತ್ತ ಹೋಯಿತು. ಚಳಿಜ್ವರ, ಪ್ಲೇಗು, 1918ರ ಇನ್‌ಫ್ಲುಯೆಂಜಗಳ ಸಂಯುಕ್ತ ಪ್ರಹಾರವದು. ಮಲೇರಿಯವು ಗರ್ಭಿಣಿಯ ರಕ್ತವನ್ನು ಹೀರಿ ಕೂಸನ್ನು ತೂಕವಿಲ್ಲದೆ ಹುಟ್ಟಿಸುತ್ತದೆ. ಐದು ವರ್ಷದೊಳಗಿನ ಮಕ್ಕಳನ್ನೇ ಹೆಚ್ಚಾಗಿ ಕೊಲ್ಲುತ್ತದೆ. ಉಳಿದ ಮಕ್ಕಳ ಹೊಟ್ಟೆಯಲ್ಲಿ ಗುಲ್ಮವು ಗಡ್ಡೆಕಟ್ಟಿ ಊದಿಕೊಳ್ಳುತ್ತಿತ್ತು.

ಆ ಕತ್ತಲೆಗೆ ಬೆಳಕು ತಂದವರಲ್ಲಿ ಡಾಕ್ಟರ್ ಡಿ. ಕೆ. ವಿಶ್ವನಾಥನ್ ಮುಖ್ಯರು. ಎರಡನೆಯ ಮಹಾಯುದ್ಧ ಮುಗಿದೊಡನೆ, 1946ರ ಹೊತ್ತಿಗೆ, ಅವರ ನೇತೃತ್ವದಲ್ಲಿ ಉತ್ತರ ಕನ್ನಡ ಮತ್ತು ಧಾರವಾಡ ಜಿಲ್ಲೆಗಳ ಹಳ್ಳಿಗಳಲ್ಲಿ ಮನೆಯ ಒಳಗೋಡೆಗಳಿಗೂ ಕೊಟ್ಟಿಗೆಗಳಿಗೂ ಡಿ.ಡಿ.ಟಿ. ಸಿಂಪಡಿಸುವ ಕಾರ್ಯ ಪ್ರಾರಂಭವಾಯಿತು. ಭಾರತದ ಗ್ರಾಮಪ್ರದೇಶದಲ್ಲಿ ಅಂಥ ದೊಡ್ಡ ಪ್ರಯೋಗಗಳಲ್ಲಿ ಇದು ಮೊದಮೊದಲಿನದು. ಅದರ ಯಶಸ್ಸು 1953ರ ರಾಷ್ಟ್ರೀಯ ಮಲೇರಿಯ ನಿಯಂತ್ರಣ ಯೋಜನೆಗೆ ದಾರಿ ತೋರಿತು. ಡಿ.ಡಿ.ಟಿ.ಯ ದೋಷಗಳು ಮುಂದೆ ಬೆಳಕಿಗೆ ಬಂದವು. ಸೊಳ್ಳೆಗಳೂ ಅದಕ್ಕೆ ಹೊಂದಿಕೊಂಡವು. ಆದರೂ ಗೋಡೆಯ ಮೇಲಿನ ಆ ಬಿಳಿಯ ಪುಡಿಯು ಅಸಂಖ್ಯಾತ ತೊಟ್ಟಿಲುಗಳನ್ನು ಕಾಯಿತೆಂಬುದನ್ನು ಅಲ್ಲಗಳೆಯುವಂತಿಲ್ಲ.

ಲೆಕ್ಕಕ್ಕೆ ಸಿಗದವರು

ಇಗರ್ಜಿಯ ಮಕ್ಕಳಿಗಾದರೂ ನಾಲ್ಕು ಸಾಲಿತ್ತು. ಉಳಿದವರಿಗೆ ಅದೂ ಇಲ್ಲ. ಹಿಂದೂ ಧರ್ಮಶಾಸ್ತ್ರವು ಎರಡು ವರ್ಷ ತುಂಬದ ಮಗುವಿಗೆ ಅಗ್ನಿಸಂಸ್ಕಾರವನ್ನು ವಿಧಿಸಲಿಲ್ಲ. ಅದನ್ನು ಹೂಳುತ್ತಿದ್ದರು. ಶ್ರಾದ್ಧವಿಲ್ಲ, ಪಿಂಡವಿಲ್ಲ, ವರ್ಷಾಬ್ದಿಕವಿಲ್ಲ. ಭಟ್ಕಳದ ನವಾಯತರ ಕಬರಸ್ತಾನಗಳಲ್ಲಿ ಅಂಗೈಯಗಲದ ಗೋರಿ ಎರಡು ಮಳೆಗಾಲಗಳಲ್ಲಿ ನೆಲಸಮವಾಗುತ್ತದೆ. ಸತ್ತವರನ್ನು ನೆನೆಯುವ ಎಲ್ಲ ಏರ್ಪಾಡುಗಳೂ ದೊಡ್ಡವರಿಗಾಗಿ. ಕೂಸನ್ನು ಮರೆಯುವುದೇ ಶ್ರೇಯಸ್ಕರವೆಂದು ಹಿರಿಯರು ತೀರ್ಮಾನಿಸಿದಂತಿದೆ. ಮರೆಯದಿದ್ದರೆ ಬದುಕುವುದು ಹೇಗೆ? ಹತ್ತು ಹೆತ್ತು ನಾಲ್ಕನ್ನು ಉಳಿಸಿಕೊಂಡವಳನ್ನು ಭಾಗ್ಯವಂತೆ ಎನ್ನುತ್ತಿದ್ದ ಕಾಲವದು.

ಆದರೆ ಭಾಷೆ ಮರೆಯಲಿಲ್ಲ. ಕನ್ನಡ ನಾಡಿನ ಉದ್ದಗಲಕ್ಕೂ ಕೇಳಿಬರುವ ತಿಪ್ಪಣ್ಣ, ಗುಂಡಪ್ಪ, ಹುಚ್ಚಪ್ಪ ಎಂಬ ಹೆಸರುಗಳಲ್ಲಿ ಎಷ್ಟೋ ಹೆಸರುಗಳ ಹಿಂದೆ, ಆ ಮಗುವಿಗಿಂತ ಮೊದಲು ಹುಟ್ಟಿ ತೀರಿಹೋದ ಅಣ್ಣಂದಿರು ಅಕ್ಕಂದಿರು ನಿಂತಿದ್ದಾರೆ. ಕೂಸನ್ನು ತಿಪ್ಪೆಯ ಮೇಲೆ ಉರುಳಿಸಿ ಎತ್ತಿಕೊಂಡರೆ, ಕಲ್ಲುಗುಂಡೆಂದು ಕರೆದರೆ, ಹುಚ್ಚನೆಂದು ಹೆಸರಿಟ್ಟರೆ ಸಾವು ಅಸಹ್ಯಪಟ್ಟು ಮುಟ್ಟದೆ ಹೋದೀತೆಂಬ ಆಸೆ. ಕಾಗದ ಬರೆಯುವಾಗ ಮಕ್ಕಳ ಹೆಸರಿನ ಹಿಂದೆ ತಪ್ಪದೆ ಬರೆಯುತ್ತಿದ್ದ ‘ಚಿ.’ ಎಂಬ ಒಂದಕ್ಷರವೂ ಅದೇ ಭಯದ ಮಗು. ಇಂದು ಲಗ್ನಪತ್ರಿಕೆಯ ಅಲಂಕಾರವಾಗಿ ಉಳಿದಿರುವ ‘ಚಿರಂಜೀವಿ’ ಎಂಬ ಪದವು ಒಂದು ಕಾಲದಲ್ಲಿ ಅಕ್ಷರಶಃ ಪ್ರಾರ್ಥನೆಯಾಗಿತ್ತು.

ಸರಕಾರದ ಲೆಕ್ಕ ತಡವಾಗಿ ಬಂದಿತು. ಊರ ಪಟೇಲನೂ ಶಾನಭೋಗನೂ ಜನನಮರಣಗಳನ್ನು ಬರೆಯಬೇಕೆಂಬ ಏರ್ಪಾಡು ಬ್ರಿಟಿಷರ ಕಾಲದಲ್ಲಿದ್ದರೂ, ನಾಲ್ಕು ದಿನ ಬದುಕಿದ ಕೂಸಿನ ವಿಷಯವನ್ನು ಚಾವಡಿಗೆ ಹೋಗಿ ವರದಿ ಮಾಡುವವರು ಕಡಿಮೆ. ಅಂಥ ಅಪೂರ್ಣ ಲೆಕ್ಕವೂ ಭಯಂಕರವಾಗಿತ್ತು. 1946ರಲ್ಲಿ ಪ್ರಕಟವಾದ ಭೋರ್ ಸಮಿತಿಯ ವರದಿಯಂತೆ, 1937ರಲ್ಲಿ ಬ್ರಿಟಿಷ್ ಇಂಡಿಯದಲ್ಲಿ ಹುಟ್ಟಿದ ಪ್ರತಿ ಸಾವಿರ ಶಿಶುಗಳಲ್ಲಿ 162 ಶಿಶುಗಳು ವರ್ಷ ತುಂಬುವುದರೊಳಗೆ ಸಾಯುತ್ತಿದ್ದವು. ಅದೇ ವರ್ಷ ಇಂಗ್ಲೆಂಡ್ ಮತ್ತು ವೇಲ್ಸಿನಲ್ಲಿ ಆ ಸಂಖ್ಯೆ 58. ಭಾರತದ ಒಟ್ಟು ಮರಣಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಹತ್ತು ವರ್ಷದೊಳಗಿನ ಮಕ್ಕಳವು. ಮರಣವೆಂದರೆ ಮುಪ್ಪಿನ ಕೊನೆಯೆಂದು ಭಾವಿಸುವ ಇಂದಿನ ಕುಟುಂಬಗಳಿಗೆ ಈ ವಾಕ್ಯವನ್ನು ಎರಡು ಸಲ ಓದಬೇಕೆನಿಸೀತು. ಜನನಮರಣಗಳ ನೋಂದಣಿಯನ್ನು ದೇಶಕ್ಕೆಲ್ಲ ಏಕರೂಪವಾಗಿ ಕಡ್ಡಾಯಗೊಳಿಸಿದ ಕಾನೂನು ಬಂದದ್ದು 1969ರಲ್ಲಿ. ಟ್ರೆಂಟ್ ಮಹಾಸಭೆಯು ಪಾದ್ರಿಗಳಿಗೆ ವಿಧಿಸಿದ ಕೆಲಸವನ್ನು ಎಲ್ಲ ಮಕ್ಕಳಿಗೂ ವಿಸ್ತರಿಸಲು ನಾಲ್ಕು ಶತಮಾನಗಳು ಬೇಕಾದವು.

ತುಂಬಿದ ತೊಟ್ಟಿಲು

ಇಂದು ಕಾಯ್ಕಿಣಿಯ ಮನೆಗಳಲ್ಲಿ ಹೆರಿಗೆಯೆಂದರೆ ಆಸ್ಪತ್ರೆ. ಈ ಪರಿವರ್ತನೆಯು ಒಂದು ದಿನದಲ್ಲಿ ಆದದ್ದಲ್ಲ. ಒಂದು ಮದ್ದಿನಿಂದ ಆದದ್ದೂ ಅಲ್ಲ. ಗರ್ಭಿಣಿಗೆ ಕೊಡುವ ಧನುರ್ವಾಯುವಿನ ಚುಚ್ಚುಮದ್ದು, ತರಬೇತಿ ಪಡೆದ ದಾದಿ, ಬಾವಿಗೆ ಕಟ್ಟೆ, ಮನೆಗೆ ಶೌಚಾಲಯ, ಹುಡುಗಿಯರಿಗೆ ಶಾಲೆ, ಊರಿಗೆ ರಸ್ತೆ: ಇವೆಲ್ಲ ಒಂದೊಂದಾಗಿ ಬಂದು ಸೇರಿದವು. ವಾಂತಿಭೇದಿಯಿಂದ ಒಣಗಿಹೋಗುತ್ತಿದ್ದ ಮಕ್ಕಳನ್ನು ಉಪ್ಪು, ಸಕ್ಕರೆ, ಶುದ್ಧ ನೀರುಗಳ ಮಿಶ್ರಣವೊಂದು ಉಳಿಸಬಲ್ಲುದೆಂಬುದನ್ನು 1971ರಲ್ಲಿ ಬಂಗಾಳದ ನಿರಾಶ್ರಿತರ ಶಿಬಿರದಲ್ಲಿ ಡಾಕ್ಟರ್ ದಿಲೀಪ್ ಮಹಲನಬೀಸರು ತೋರಿಸಿಕೊಟ್ಟರು. 1975ರಲ್ಲಿ ಅಂಗನವಾಡಿಗಳ ಯೋಜನೆ, 1985ರಲ್ಲಿ ಸಾರ್ವತ್ರಿಕ ಲಸಿಕೆಯ ಕಾರ್ಯಕ್ರಮ, 2005ರಲ್ಲಿ ಆಶಾ ಕಾರ್ಯಕರ್ತೆಯರು ಬಂದರು. ಮಳೆಗಾಲದಲ್ಲಿ ಕೊಡೆ ಹಿಡಿದು, ತೋಟದ ಸಂಕ ದಾಟಿ, ಬಾಣಂತಿಯ ಮನೆ ಹುಡುಕಿಕೊಂಡು ಹೋಗುವ ಆ ಹೆಂಗಸರೇ ಈ ಕಾಲದ ಷಷ್ಠಿಯ ಜಾಗರಣೆ ನಡೆಸುವವರು. 2015ರಲ್ಲಿ ಭಾರತವು ತಾಯಿ ಮತ್ತು ನವಜಾತ ಶಿಶುಗಳ ಧನುರ್ವಾಯುವನ್ನು ನಿವಾರಿಸಿದೆಯೆಂದು ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿತು. ಆರನೆಯ ರಾತ್ರಿಯ ಹಳೆಯ ಶತ್ರು ಸೋತುಹೋಯಿತು.

ಅಂಕಿಗಳು ಈ ಕಥೆಯನ್ನು ಚುಟುಕಾಗಿ ಹೇಳುತ್ತವೆ. 1971ರಲ್ಲಿ ಭಾರತದಲ್ಲಿ ಸಾವಿರಕ್ಕೆ 129ರಷ್ಟಿದ್ದ ಶಿಶುಮರಣ 2020ರಲ್ಲಿ 28ಕ್ಕೆ ಇಳಿಯಿತು. ಅದೇ ವರ್ಷ ಕರ್ನಾಟಕದಲ್ಲಿ ಅದು 19, ಕೇರಳದಲ್ಲಿ 6. ಅಜ್ಜಿಯ ಕಾಲದಲ್ಲಿ ಆರು ಕೂಸುಗಳಲ್ಲಿ ಒಂದು ಹೋಗುತ್ತಿದ್ದಲ್ಲಿ, ಈಗ ಕರ್ನಾಟಕದಲ್ಲಿ ಐವತ್ತರಲ್ಲಿ ಒಂದೂ ಹೋಗುವುದಿಲ್ಲ. ಆದರೆ ಕೇರಳದ ಅಂಕಿಯು, ಇನ್ನೂ ಎಷ್ಟು ಮಕ್ಕಳನ್ನು ಉಳಿಸಬಹುದಾಗಿತ್ತೆಂಬುದನ್ನು ಮೌನವಾಗಿ ನೆನಪಿಸುತ್ತದೆ.

ಹೆದ್ದಾರಿಯೂ ಅದನ್ನೇ ನೆನಪಿಸುತ್ತದೆ. ತೀರ ಕಡಿಮೆ ತೂಕದ ಶಿಶು ಹುಟ್ಟಿದರೆ, ಹೃದಯದ ದೋಷ ಕಂಡುಬಂದರೆ, ಕಾಯ್ಕಿಣಿಯ ತಂದೆತಾಯಂದಿರು ಹೆಚ್ಚಾಗಿ ಜಿಲ್ಲೆಯ ಗಡಿಯನ್ನು ದಾಟಿ ಕುಂದಾಪುರ, ಮಣಿಪಾಲ, ಮಂಗಳೂರುಗಳ ದಾರಿ ಹಿಡಿಯುತ್ತಾರೆ. ಮಣಿಪಾಲಕ್ಕೆ ಸುಮಾರು ನೂರು ಕಿಲೊಮೀಟರು. 2022ರ ಜುಲೈ ತಿಂಗಳಿನಲ್ಲಿ ಹೊನ್ನಾವರದಿಂದ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸ್ ಶಿರೂರಿನ ಸುಂಕದಕಟ್ಟೆಯ ಬಳಿ ಉರುಳಿ ಪ್ರಾಣಹಾನಿಯಾದಾಗ, ತಮ್ಮ ಜಿಲ್ಲೆಯಲ್ಲೇ ಸುಸಜ್ಜಿತ ದೊಡ್ಡ ಆಸ್ಪತ್ರೆ ಬೇಕೆಂದು ಉತ್ತರ ಕನ್ನಡದ ಜನ ಒಕ್ಕೊರಲಿನಿಂದ ಕೇಳಿದರು. ಆ ಕೂಗಿನ ಹಿಂದೆ ಒಂದು ಅಪಘಾತದ ದುಃಖವಷ್ಟೇ ಇರಲಿಲ್ಲ. ದೂರವೆಂಬುದು ಕೂಡ ಒಂದು ರೋಗವೆಂದು ತಲೆಮಾರುಗಳಿಂದ ಅರಿತವರ ಧ್ವನಿಯದು.

ಸಂಜೆಯ ಹೊತ್ತಿಗೆ ಮುರ್ಡೇಶ್ವರದ ಕಡಲತಡಿ ಜನರಿಂದ ತುಂಬುತ್ತದೆ. ದೂರದೂರಿನಿಂದ ಬಂದ ಮಕ್ಕಳು ಮರಳಿನಲ್ಲಿ ಮನೆ ಕಟ್ಟುತ್ತವೆ. ಅಲೆ ಬಂದು ಕೆಡವಿದರೆ ನಕ್ಕು ಮತ್ತೆ ಕಟ್ಟುತ್ತವೆ. ಒಳಗಿನ ದಾರಿಯಲ್ಲಿ, ಗದ್ದೆಯ ಅಂಚಿನ ಅಂಗನವಾಡಿಯ ಗೋಡೆಯ ಮೇಲೆ ಲಸಿಕೆಯ ದಿನಗಳ ಪಟ್ಟಿ. ಒಂದು ಮೂಲೆಯಲ್ಲಿ ತೂಕದ ತಕ್ಕಡಿ. ಅಲ್ಲಿ ಪ್ರತಿ ಮಗುವಿಗೂ ಒಂದು ಕಾರ್ಡು ಉಂಟು: ಹೆಸರು, ತಂದೆ, ತಾಯಿ, ಹುಟ್ಟಿದ ತಾರೀಖು, ತೂಕ. ಇಗರ್ಜಿಯ ಹಳೆಯ ಪುಸ್ತಕದಂತೆಯೇ ನಾಲ್ಕೈದು ಸಾಲು. ಒಂದೇ ವ್ಯತ್ಯಾಸ. ಆ ಪುಸ್ತಕದಲ್ಲಿ ಮೊದಲ ಸಾಲನ್ನು ಬರೆದ ಕೈಯೇ ಎಷ್ಟೋ ಸಲ ಅದೇ ವಾರ ಕೊನೆಯ ಸಾಲನ್ನೂ ಬರೆಯಬೇಕಾಗುತ್ತಿತ್ತು. ಈ ಕಾರ್ಡಿನಲ್ಲಿ ತೂಕದ ಗೆರೆಯು ತಿಂಗಳು ತಿಂಗಳಿಗೆ ಮೇಲೇರುತ್ತ ಹೋಗುತ್ತದೆ. ಜಾಗ ಸಾಲದೆ ಹೋದಾಗ ಮಗು ಶಾಲೆಗೆ ಸೇರುತ್ತದೆ.